ರೇಡಿಯೋ ಮಹಾರಾಯನೂ ಅತ್ತೆಯ ಬೆರಳೂ

ತಗಡಿನ ಡಬ್ಬವೊಂದು ಮೆಟ್ಟಿಲ ಮೇಲಿಂದ ಉರುಳುತ್ತಿದೆ, ಉರುಳುತ್ತಲೇ ಇದೆ, ಎಷ್ಟು ಅಂತಸ್ತಿನ ಮನೆಯಪ್ಪಾ ಇದು, ಹಿಂದೆಯೇ ಯಾರೋ ಗಂಟಲಲ್ಲಿ ಮುಳ್ಳು ಸಿಕ್ಕಿಸಿಕೊಂಡು ಹಾಡುತ್ತಿದ್ದಾರೆ — ಇದಲ್ಲ, ಕಾಟು — ಸೊಸೆ ಮೊಣಕೈ ತುದಿಯಿಂದ ಫೋನಿಗೊಂದು ತಿವಿತ ಕೊಡುತ್ತಾಳೆ, ಡಬ್ಬ ಅರ್ಧ ಮೆಟ್ಟಿಲಲ್ಲೇ ನಿಲ್ಲುತ್ತದೆ, ಮುಂದಿನದು ಬರಲಿ, ಬಾರಯ್ಯ ರೇಡಿಯೋ ಮಹಾರಾಯ, ನೀನೋ ನಾನೋ ಇವತ್ತು ನೋಡೇಬಿಡೋಣ, ಕೈಯೆರಡೂ ಮಣಿಕಟ್ಟಿನವರೆಗೆ ಹಿಟ್ಟಿನೊಳಗೆ, ಮಧ್ಯಾಹ್ನದ ಬ್ರೆಡ್ಡಿನ ಹಿಟ್ಟು, ಆನೆಮರಿಯಷ್ಟು ಮುದ್ದೆ, ಇವಳು ನಾದುವ ರಭಸಕ್ಕೆ ಈ ಮೇಜಿನ ಕಾಲುಗಳು ವರ್ಷಕ್ಕೊಂದು ಗೇಣು ನೆಲಕ್ಕಿಳಿಯುತ್ತವೆ, ನಂಬದವರು ಅಳತೆಪಟ್ಟಿ ತರಲಿ, ಇವಳ ಬನ್ನು ಒಮ್ಮೆ ಎಷ್ಟು ಹಗುರಾಗಿ ಉಬ್ಬಿತ್ತೆಂದರೆ ಫ್ಯಾನು ಹಾಕಿದ ಕೂಡಲೇ ತಟ್ಟೆಯಿಂದೆದ್ದು ಬಾಗಿಲತನಕ ಹೋಗಿತ್ತು, ಅತ್ತೆಯೇ ಸೆರಗಿನಲ್ಲಿ ಹಿಡಿದು ತಂದಿದ್ದರು, ಅಂಥ ಕೈ ಇದು, ಅಂಥ ಕೈಗೆ ಒಂದು ಹಾಡು ಹಿಡಿಯಲಾಗುವುದಿಲ್ಲವೇ, ಫೋನು ಸಕ್ಕರೆ ಡಬ್ಬಕ್ಕೆ ಒರಗಿ ನಿಂತಿದೆ, ಪರದೆಯ ಕೆಳತುದಿಯಲ್ಲಿ ಒಂದು ಹೃದಯ, ಪಕ್ಕದಲ್ಲೇ, ನಡುವೆ ಸಾಸಿವೆ ಕಾಳಿಗೂ ಜಾಗವಿಲ್ಲದಷ್ಟು ಹತ್ತಿರ, ಒಂದು ಕಾಟು, ಅಡ್ಡಗೀಟಿನ ಗುರುತು, ಹೃದಯ ಒತ್ತಿದರೆ ಇಂಥದ್ದನ್ನೇ ಲೋಕವೆಲ್ಲ ಜಾಲಾಡಿ ಇನ್ನಷ್ಟು ತರುತ್ತದೆ, ಕಾಟು ಒತ್ತಿದರೆ ಆ ಹಾಡು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ, ಹೆಸರು ಹಿಡಿದು ಇದೇ ಬೇಕು ಎಂದು ಕೇಳುವ ಹಾಗೂ ಇಲ್ಲ, ಅತ್ತಿಗೆ, ನೀವೇನೂ ಹೇಳೋದ್ ಬೇಡ, ಅದೇ ನಿಮ್ಮ ಮನಸ್ಸನ್ನ ಓದ್ಕೊಂಡು ಹಾಕುತ್ತೆ, ಎಂದವಳು ನಾದಿನಿ, ದೂರದ ಊರಿನಿಂದ ಫೋನಿನಲ್ಲೇ ಒಂದೊಂದೇ ಗುಂಡಿ ಹೇಳಿಕೊಟ್ಟು ಈ ಇಂಟರ್ನೆಟ್ ರೇಡಿಯೋ ಹಾಕಿಸಿದ್ದೂ ಅವಳೇ, ಮನಸ್ಸನ್ನು ಓದುತ್ತದಂತೆ, ಓದಲಿ, ಕಟ್ಟಿಕೊಂಡ ಗಂಡನಿಗೆ ಇಷ್ಟು ವರ್ಷವಾದರೂ ಮೊದಲ ಪುಟ ದಾಟಲಾಗಿಲ್ಲ, ಈಗ ಬಂದದ್ದು ಕೊಳಲು, ಪಾಪ ಚೆನ್ನಾಗಿದೆ, ಆದರೆ ಇದಲ್ಲ, ಕಾಟು.

ಬೆನ್ನ ಹಿಂದೆ ಓವನ್ನಿನ ಕಾವು, ಕಾವಿನ ಪಕ್ಕ ಕೈಯಿರುವ ಕುರ್ಚಿ, ಕುರ್ಚಿಯಲ್ಲಿ ಅತ್ತೆ, ಎದುರಿನ ಬೆಂಚಿನ ಮೇಲೆ ಉಬ್ಬಲು ಇಟ್ಟ ಬನ್ನಿನ ತಟ್ಟೆ — ಅತ್ತೆಗೆ ಹಿಟ್ಟಿನ ವಾಸನೆಯಾದರೂ ಇರಲಿ ಎಂದು ಇವಳೇ ಹಾಗೆ ಕೂರಿಸುವುದು, ಬೇಕರಿಯ ಯಜಮಾನಿ ಅಲ್ಲವೇ, ಎಂಥ ಯಜಮಾನಿ, ಮುಂದಿನ ಅಂಗಡಿಯಲ್ಲಿ ಕೂತೇ ಒಳಗಿನ ಹಿಟ್ಟಿಗೆ ಉಪ್ಪು ಕಡಿಮೆ ಎಂದು ಗೋಡೆಯಾಚೆಯಿಂದ ಹೇಳುತ್ತಿದ್ದವರು, ಅವರ ನಾಲಿಗೆ ಇದ್ದ ಕಾಲಕ್ಕೆ ಈ ಬೇಕರಿಯಲ್ಲಿ ಬ್ರೆಡ್ಡು ಕೊಯ್ಯಲು ಚಾಕುವೇ ಬೇಕಿರಲಿಲ್ಲ, ಏನಮ್ಮಾ ಮಹಾರಾಣಿ, ಹಿಟ್ಟು ನಾದ್ತಿದೀಯೋ ಅದಕ್ಕೆ ಬೆನ್ನು ನೀವಿ ಮಲಗಿಸ್ತಿದೀಯೋ, ಈ ಬನ್ನು ತಿನ್ನೋಕಾ ತಲೆಗಿಟ್ಕೊಳೋಕಾ, ಮದುವೆಯಾಗಿ ಬಂದ ಹೊಸತರಲ್ಲಿ ಇವಳು ಕೊಡಗಟ್ಟಲೆ ಅತ್ತಿದ್ದಾಳೆ, ಆಮೇಲೆ ತಾನೂ ಕಲಿತಳು, ತಲೆಗಿಟ್ಕೊಳೋಕೇ ಅತ್ತೆ, ನಿಮ್ಮ ಮಗ ನಿನ್ನೆ ಇಟ್ಕೊಂಡಿದ್ರು, ಕುತ್ತಿಗೆ ನೋವು ಹೋಯ್ತಂತೆ, ಆಗ ಅತ್ತೆ ನಗು ಬಂದರೂ ನಗದೆ ತಟ್ಟೆಯ ಹತ್ತಿರ ಹೋಗಿ ತೋರುಬೆರಳಿನಿಂದ ಒಂದು ಬನ್ನನ್ನು ಒತ್ತುತ್ತಿದ್ದರು, ಅದೇ ಅವರ ಪಂಚಾಂಗ, ಅದೇ ಗಡಿಯಾರ, ಗುಳಿ ಪಟ್ಟನೆ ಮೇಲೆದ್ದರೆ ಇನ್ನೂ ಆಗಿಲ್ಲ, ಸೋಮಾರಿಯ ಹಾಗೆ ನಿಧಾನಕ್ಕೆ ಎದ್ದರೆ ಓವನ್ನಿಗೆ ನಡಿ, ಏಳದೆ ಹಾಗೇ ಕೂತರೆ ಹೊತ್ತು ಮೀರಿತು, ಹಾಳುಮಾಡಿದೆಯಲ್ಲೇ ಮಹಾರಾಣಿ — ಆ ಬೆರಳು, ಉಗುರು ಸವೆದ, ತುದಿ ಚಮಚದಂತೆ ಚಪ್ಪಟೆಯಾದ ಆ ಬೆರಳು, ಒಂದು ದಿನ ಬೆಳಿಗ್ಗೆ ಮೂಲೆಯ ಹಿಟ್ಟಿನ ಚೀಲದ ಪಕ್ಕ ಅತ್ತೆ ಕುಸಿದು ಕೂತರು, ಬಾಯಿ ಒಂದು ಕಡೆ ಜಾರಿತು, ಮಾತು ಹೋಯಿತು, ಬೆರಳೂ ಹೋಯಿತು, ಡಾಕ್ಟರು ಫೈಲು ಮುಚ್ಚಿ ಹೇಳಿದ್ದು, ಬರಬಹುದು, ಬರದೇನೂ ಇರಬಹುದು, ಸಣ್ಣದೊಂದು ಅಲುಗಾಟ ಕಂಡರೂ ಬಿಡಬೇಡಿ ನೋಡಿ, ಯಾವುದಕ್ಕೆ ಅಲುಗಾಡಿದ್ರು ಅನ್ನೋದನ್ನ ಹಿಡ್ಕೊಳ್ಳಿ, ಅದನ್ನೇ ಮತ್ತೆ ಮತ್ತೆ ಮಾಡಿ, ಅಂದಿನಿಂದ ಇವಳ ಬನ್ನನ್ನು ಬೈಯುವವರು ಈ ಭೂಮಿಯ ಮೇಲೆ ಯಾರೂ ಇಲ್ಲ, ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ, ಚೆನ್ನಾಗಿದೆಯಂತೆ, ಅವರಿಗೇನು ಗೊತ್ತು ಮಣ್ಣು.

ಕಾಟು, ಇದೂ ಅಲ್ಲ, ಇದು ಮದುವೆ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು — ಆ ಹಾಡು ಹಾಗಿರಲಿಲ್ಲ, ಆ ಹಾಡು ಬಂದ ದಿನ ಇವಳು ಅದನ್ನು ಕೇಳುತ್ತಲೂ ಇರಲಿಲ್ಲ, ಹಿಟ್ಟಿನ ಚೀಲ ನೆಲಕ್ಕೆ ಎತ್ತಿಹಾಕಿದ ಹಾಗೆ ಧುಪ್ಪು, ಆಮೇಲೆ ಧುಪ್ಪು ಧುಪ್ಪು, ಮೇಲೆ ಒಬ್ಬ ಹೆಂಗಸಿನ ದನಿ, ದಪ್ಪ ದನಿ, ಯಾರನ್ನೋ ಗದರಿಸುತ್ತ ಗದರಿಸುತ್ತ ಮಧ್ಯೆ ಮರೆತು ಹಾಡಿಬಿಟ್ಟ ಹಾಗೆ, ಭಾಷೆ ಯಾವುದೋ, ಸಮುದ್ರದಾಚೆಯದೋ ಪಕ್ಕದ ಬೀದಿಯದೋ, ಈ ದನಿ ಎಲ್ಲೋ ಕೇಳಿದ ಹಾಗಿದೆ ಅನಿಸಿ ಇವಳು ತಿರುಗಿದರೆ ಅತ್ತೆಯ ಬಲಗೈ ಮಡಿಲಿನಿಂದ ಎದ್ದಿದೆ, ಒದ್ದೆ ಬಟ್ಟೆಯ ಹಾಗೆ ಬಿದ್ದಿದ್ದ ಕೈ ಗಾಳಿಯಲ್ಲಿದೆ, ನಡುಗುತ್ತ ಮುಂದೆ ಬರುತ್ತದೆ, ತೋರುಬೆರಳು ಉದ್ದವಾಗುತ್ತದೆ, ಎದುರಿನ ತಟ್ಟೆಯ ಅಂಚಿನ ಬನ್ನಿಗೆ ಇಳಿಯುತ್ತದೆ, ಒಂದು ಗುಳಿ, ಅತ್ತೆಯ ಕಣ್ಣು ಇವಳ ಮೇಲೆ, ಆ ಹಳೆಯ ಕಣ್ಣು, ಅಯ್ಯೋ ದೇವರೇ, ಇವಳ ಎದೆ ಹೊಡೆದುಕೊಂಡ ಸದ್ದಿಗೆ ಬೀದಿಯ ನಾಯಿಗಳೆಲ್ಲ ಎದ್ದು ನಿಂತಿರಬೇಕು, ಹಿಡ್ಕೊಳ್ಳಿ ಎಂದಿದ್ದರಲ್ಲ ಡಾಕ್ಟರು, ಹಿಡಿದೆ, ಹೃದಯ ಒತ್ತಬೇಕು, ಈ ಹಾಡನ್ನು ಮನೆಯಲ್ಲೇ ಕಟ್ಟಿಹಾಕಬೇಕು, ಕೈ ತೊಳೆಯಲು ಪುರುಸೊತ್ತೆಲ್ಲಿ, ಹಿಟ್ಟು ಮೆತ್ತಿದ ಹೆಬ್ಬೆರಳನ್ನೇ ಚಾಚಿದಳು, ಸೌತೆಕಾಯಿಯಷ್ಟು ದಪ್ಪವಾಗಿತ್ತು ಅದು ಹಿಟ್ಟಿನಲ್ಲಿ, ಜಾರಿತು, ಕಾಟಿನ ಮೇಲೆ ಕೂತಿತು, ಹಾಡು ಕತ್ತರಿಸಿ ಬಿತ್ತು, ಸರಿ, ಈ ಹಾಡನ್ನು ಇನ್ನು ಕೇಳಿಸುವುದಿಲ್ಲ ಎಂದು ರೇಡಿಯೋ ಮಹಾರಾಯ ಬಹಳ ವಿನಯದಿಂದ ಬರೆದು ತೋರಿಸಿದ, ಬೇಡ ಬೇಡ, ಕೇಳಿಸು, ವಾಪಸ್ಸು ಕೊಡು, ಎಂದು ಹತ್ತೂ ಬೆರಳಿನಿಂದ ಕಂಡಕಂಡದ್ದನ್ನು ಒತ್ತಿದಳು, ಒದ್ದೆ ಬಟ್ಟೆಯಿಂದ ಒರೆಸಿದಳು, ಒರೆಸಿದ್ದೂ ಒತ್ತಿದ ಲೆಕ್ಕವೇ ಆಯಿತು, ಅಷ್ಟು ದಿನ ಹೃದಯ ಒತ್ತಿ ಒತ್ತಿ ಬೆಳೆಸಿದ ಇಡೀ ಸ್ಟೇಷನ್ನೇ ಅಳಿಸಿಹೋಯಿತು, ತಲೆಯೆತ್ತಿದರೆ ಅತ್ತೆಯ ಕೈ ಮಡಿಲಲ್ಲಿ, ಬನ್ನಿನ ಗುಳಿ ಮೆಲ್ಲಗೆ ತುಂಬಿಕೊಂಡು ಅಲ್ಲಿ ಏನೂ ನಡೆದೇ ಇಲ್ಲವೆಂಬಂತೆ ನುಣ್ಣಗಾಗುತ್ತಿತ್ತು.

ಅತ್ತಿಗೆ, ಕಾಟು ಒಂದೇ ಆಗಿದ್ರೆ ವಾಪಸ್ ತರಬಹುದಿತ್ತು, ನೀವು ಬುಡಸಮೇತ ಕಿತ್ತು ಹಾಕಿದೀರಲ್ಲ, ಇನ್ನು ಹೊಸ ಸ್ಟೇಷನ್ ಮೊದಲಿಂದ ಬೆಳೆಸ್ಬೇಕು, ಆಗ ಅದು ಬಂದ್ರೂ ಬರಬಹುದು, ಎಂದಳು ನಾದಿನಿ ಫೋನಿನಲ್ಲಿ, ಆಚೆಯಿಂದ ಮೂಗೊರೆಸಿದ ಸದ್ದು, ಅವಳ ತಾಯಿ ಅಲ್ಲವೇ, ಅಳ್ಬೇಡ ಕಣೇ, ಕಿತ್ತವಳು ನಾನು, ನೆಡೋಳೂ ನಾನೇ, ಎಂದು ಇವಳು ಹೇಳಿ ಫೋನಿಟ್ಟಳು, ಅಂದಿನಿಂದ ನೆಡುತ್ತಿದ್ದಾಳೆ, ಗುನುಗಿದರೆ ಹಾಡು ಗುರುತಿಸುವ ಇನ್ನೊಂದು ಯಂತ್ರವಿದೆಯಂತೆ ಎಂದು ಅದನ್ನೂ ಹಾಕಿಸಿಕೊಂಡು ಗುನುಗಿದಳು, ಏನೂ ಸಿಗಲಿಲ್ಲ ಎಂದಿತು, ಗಟ್ಟಿಯಾಗಿ ಗುನುಗಿದಳು, ಇಂಟರ್ನೆಟ್ ಇಲ್ಲ ಎಂದು ಸುಳ್ಳು ಹೇಳಿತು, ಗಂಡ ಅಂಗಡಿಯಿಂದ ತಲೆಹಾಕಿ, ಲೇ, ಯಾರಿಗಾದ್ರೂ ಏನಾದ್ರೂ ಆಯ್ತಾ ಎಂದ, ಹಾಡ್ತಿದೀನಿ ರೀ, ಹಾಡಾ, ಪಾಪ ಆ ಮಿಷನ್ನು, ಎಂದು ತಲೆ ಹಿಂದೆಳೆದುಕೊಂಡ, ನಗಲಿ, ಇವಳು ಬಿಡುವವಳಲ್ಲ, ಧುಪ್ಪು ಎಂದದ್ದಕ್ಕೆಲ್ಲ ಹೃದಯ, ದಪ್ಪ ದನಿಯ ಹೆಂಗಸಿಗೆಲ್ಲ ಹೃದಯ, ಉಳಿದದ್ದಕ್ಕೆ ಕಾಟು, ಹೀಗೆ ಕೈ ಹಿಡಿದು ಗಲ್ಲಿಗಲ್ಲಿ ದಾಟಿಸಿ ಆ ಮಹಾರಾಯನನ್ನು ಆ ಹಾಡಿನ ಬಾಗಿಲಿಗೇ ತಂದು ನಿಲ್ಲಿಸಬೇಕು, ಎಲ್ಲೆಲ್ಲಿ ಅಲೆಸಿದ ಅವನು, ಮರುಭೂಮಿಯಲ್ಲಿ ಒಂಟೆಯ ಜೊತೆ ಒಂಟೆಯದೇ ದನಿಯಲ್ಲಿ ಹಾಡುವವರು, ಹಡಗಿನ ಹಗ್ಗ ಎಳೆಯುತ್ತ ಹಾಡುವವರು, ಹಿಮದಲ್ಲಿ ಇಬ್ಬರು ಅಜ್ಜಿಯರು ಮೂಗಿಗೆ ಮೂಗು ಕೊಟ್ಟು ಉಸಿರಿನಲ್ಲೇ ತಾಳ ಹಾಕುವುದು, ಲೋಕದಲ್ಲಿ ಇಷ್ಟು ಹಾಡಿದೆಯೆಂದು ಇವಳಿಗೆ ಯಾರು ಹೇಳಿದ್ದರು, ಈ ನಾಲ್ಕು ಗೋಡೆಯೊಳಗೆ ನಿಂತೇ ಇವಳು ಭೂಮಿಯನ್ನು ಒಂದು ಸುತ್ತು ಹಾಕಿ ಬಂದು ಈಗ ಎರಡನೇ ಸುತ್ತಿನಲ್ಲಿದ್ದಾಳೆ, ಕೆಲವು ಹಾಡಿಗೆ ನಾದುವ ಕೈ ತಾನಾಗಿ ನಿಂತದ್ದೂ ಉಂಟು, ಆದರೂ ಮನಸ್ಸು ಗಟ್ಟಿಮಾಡಿ ಕಾಟು, ಚಂದಕ್ಕೆ ಕೇಳುತ್ತಿಲ್ಲ ಇವಳು, ಬೇಟೆಗೆ ಹೊರಟವಳು, ಒಂದು ಉಸಿರಿನಷ್ಟು ಕೇಳಿದರೆ ಸಾಕು, ಅದೋ ಅಲ್ಲವೋ ಗೊತ್ತಾಗುತ್ತದೆ, ಕಾಟು, ಮುಂದೆ, ಕಾಟು, ಈ ಓಟದಲ್ಲಿ ಬನ್ನು ಸ್ವಲ್ಪ ಹೆಚ್ಚು ಹೊತ್ತು ಉಬ್ಬಿದರೆ ಏನಾಯಿತು, ದಿನಾ ಬರುವ ಮೇಷ್ಟ್ರು ಕೌಂಟರಿನಲ್ಲಿ ಬನ್ನನ್ನು ತಿರುಗಿಸಿ ನೋಡಿ, ಏನಪ್ಪಾ, ಈಚೆಗೆ ನಿಮ್ಮ ಬನ್ನಿಗೆ ಹೊಕ್ಕುಳು ಬಂದಿದೆಯಲ್ಲ, ಎಂದರಂತೆ, ಗಂಡ ತಂದು ತೋರಿಸಿದ, ನಟ್ಟನಡುವೆ ಒಂದು ಕುಳಿ, ಯೀಸ್ಟು ಸರಿಯಿಲ್ಲ ರೀ, ಹೊಸ ಪ್ಯಾಕೆಟ್ ತರಿಸಿ, ಎಂದಿದ್ದಳು ಇವಳು ತಿರುಗಿಯೂ ನೋಡದೆ, ಯೀಸ್ಟು ಹೊಸದು ಬಂತು, ಹೊಕ್ಕುಳು ಹೋಗಲಿಲ್ಲ.

ಈಗ ಮುದುಕನೊಬ್ಬ, ಉಬ್ಬಸ ಹಿಡಿದ ಹಾರ್ಮೋನಿಯಂ, ಮುದುಕನಿಗೂ ಉಬ್ಬಸ, ಇಬ್ಬರಲ್ಲಿ ಯಾರು ಮೊದಲು ಹೋಗುತ್ತಾರೋ ನೋಡುವ ಎಂಬಂತೆ ಪಂದ್ಯ, ಧುಪ್ಪೂ ಇಲ್ಲ, ಹೆಂಗಸೂ ಇಲ್ಲ, ಇದಂತೂ ಅಲ್ಲವೇ ಅಲ್ಲ, ಮೊಣಕೈ ಏಳುತ್ತದೆ — ಲೇ, ಅಮ್ಮ ಎದ್ದಿದಾಳಾ, ನಿದ್ದೆ ಮಾಡ್ತಿದಾಳಾ, ಗಂಡನ ಕೂಗು ಅಂಗಡಿಯಿಂದ — ಎದ್ದಿದಾರೆ ರೀ, ಎಂದುಬಿಟ್ಟಳು, ಎಂದ ಮೇಲೆ ಮೊಣಕೈ ಗಾಳಿಯಲ್ಲೇ ನಿಂತಿತು, ಎದ್ದಿದ್ದಾರೆಂದು ನಿನಗೆ ಹೇಗೆ ಗೊತ್ತೇ ಮಹಾರಾಣಿ, ನೋಡಿದೆಯಾ, ಮುಖ ಫೋನಿಗೆ, ಬೆನ್ನು ಅತ್ತೆಗೆ, ಹಿಟ್ಟು ಕಲಸುವಾಗಿನಿಂದ ಒಮ್ಮೆಯಾದರೂ ತಿರುಗಿದೆಯಾ, ಇವತ್ತು ತಿರುಗಿದೆಯಾ, ನಿನ್ನೆ ತಿರುಗಿದೆಯಾ, ಹೊಕ್ಕುಳು, ನಟ್ಟನಡುವೆ, ಯೀಸ್ಟಿಗೆ ಬೆರಳಿರುತ್ತದೇನೇ — ಕುತ್ತಿಗೆ ಓವನ್ನಿನ ತುಕ್ಕು ಬಾಗಿಲಿನ ಹಾಗೆ ತಿರುಗುತ್ತದೆ, ಕುರ್ಚಿ, ಅತ್ತೆ, ಬೆಂಚು, ತಟ್ಟೆ, ತಟ್ಟೆಯ ಈ ತುದಿಯಿಂದ ಒಂದು ಇಡೀ ಸಾಲು, ಪ್ರತಿ ಬನ್ನಿನ ಮೇಲೂ ಒಂದೊಂದು ಗುಳಿ, ಚಮಚದ ತುದಿಯಷ್ಟು ಚಪ್ಪಟೆ, ಡಬ್ಬ ಉರುಳುವಾಗ ಒಂದೋ, ಕೊಳಲಿಗೆ ಒಂದೋ, ಪಾತ್ರೆ ತೊಳೆಯುವ ಸದ್ದಿಗೂ ಒಂದೋ, ಯಾವುದಕ್ಕೆ ಯಾವುದೆಂದು ಯಾರು ಹೇಳಬೇಕು, ಎಲ್ಲದಕ್ಕೂ ಕಾಟು ಹಾಕಿ ಓಡಿಸಿದವಳು ಇವಳೇ, ಮತ್ತು ಒಂದು ಗುಳಿಯೂ ಮೇಲೆದ್ದಿಲ್ಲ, ಒಂದೂ, ಹಾಗೇ ಕೂತಿವೆ ಅಷ್ಟೂ, ಹೊತ್ತು ಮೀರಿತು, ಹೊತ್ತು ಮೀರಿತು, ಹಾಳುಮಾಡಿದೆಯಲ್ಲೇ, ಇಷ್ಟು ದಿನವೂ ಪ್ರತಿ ತಟ್ಟೆಯಲ್ಲೂ ಅತ್ತೆ ಬೈಯುತ್ತಲೇ ಇದ್ದಾರೆ, ಆ ಬೈಗುಳವನ್ನು ಇವಳು ಫೋನಿನಿಂದ ಕಣ್ಣು ಕೀಳದೆಯೇ ಸುಟ್ಟು, ತುಪ್ಪ ಸವರಿ, ಊರಿಗೆಲ್ಲ ಹಂಚಿದ್ದಾಳೆ, ಮೇಷ್ಟ್ರು ಚಹಾಕ್ಕೆ ಅದ್ದಿ ತಿಂದಿದ್ದಾರೆ — ನಗುವೋ ಅಳುವೋ ಉಕ್ಕಿತು, ಎರಡೂ ಸೇರಿ ಇಡೀ ಬೇಕರಿಯನ್ನೇ ತೇಲಿಸಿಕೊಂಡು ಹೋಗುವಷ್ಟು, ಅತ್ತೆ, ಎಂದಳು, ಈ ಬನ್ನು ತಲೆಗಿಟ್ಕೊಳೋಕೂ ಆಗಲ್ಲ ಅಲ್ವಾ, ಅತ್ತೆಯ ಜಾರಿದ ಬಾಯಿಯ ಒಂದು ತುದಿ ಅಲುಗಾಡಿತೋ ಇಲ್ಲವೋ, ಕಣ್ಣು ಮಾತ್ರ ಕದಲಲಿಲ್ಲ, ಇವಳು ಕೈ ತೊಳೆದಳು, ಬೆರಳಿನ ಸಂದು ಸಂದು ತೊಳೆದಳು, ಒಣ ಬಟ್ಟೆಯಲ್ಲಿ ಒರೆಸಿಕೊಂಡಳು, ಫೋನನ್ನು ಸಕ್ಕರೆ ಡಬ್ಬದಿಂದೆತ್ತಿ ಕುರ್ಚಿಯ ಕೈ ಮೇಲೆ ಇಟ್ಟಳು, ಸ್ಟೂಲು ಎಳೆದು ಅತ್ತೆಗೆ ಎದುರಾಗಿ ಕೂತಳು, ಆ ಹಾಡನ್ನು ಬಿಟ್ಟಳೆಂದಲ್ಲ, ಬಿಡುವ ಮಾತೇ ಇಲ್ಲ, ಸಿಗಬೇಕು, ಸಿಗುತ್ತದೆ, ಆದರೆ ಇನ್ನು ಹೃದಯ ಒತ್ತುವುದೂ ಕಾಟು ಒತ್ತುವುದೂ ಅತ್ತೆಯ ಈ ಬೆರಳಿನ ಲೆಕ್ಕ, ಅಲ್ಲಿಯವರೆಗೆ ಯಾವ ಹಾಡನ್ನೂ ಅರ್ಧಕ್ಕೆ ನಿಲ್ಲಿಸುವುದಿಲ್ಲ, ಮುದುಕ ಹಾಡಲಿ, ಕೊನೆಯ ಉಸಿರಿನವರೆಗೂ ಹಾಡಲಿ, ಆನೆಮರಿಯಷ್ಟಿದ್ದ ಹಿಟ್ಟಿನಿಂದ ಒಂದು ತುಂಡು ಕಿತ್ತು, ಉಂಡೆ ಕಟ್ಟಿ, ನುಣ್ಣಗೆ ಮಾಡಿ, ಅಂಗೈಯಲ್ಲಿಟ್ಟು ಅತ್ತೆಯ ಮುಂದೆ ಹಿಡಿದಳು, ಹಾರ್ಮೋನಿಯಂ ಏದುಸಿರು ಬಿಡುತ್ತಿದೆ, ಮಡಿಲಿನ ಕೈ ಏಳುತ್ತದೆ, ನಡುಗುತ್ತ ಬರುತ್ತದೆ, ಬಂತು, ಹಿಟ್ಟಿನಾಚೆ ಇವಳ ಅಂಗೈಗೂ ತಾಗುವಷ್ಟು ಒತ್ತಿತು, ಹಿಂದೆ ಸರಿಯಿತು, ಒಂದು ಗುಳಿ, ಉಗುರು ಸವೆದ ಬೆರಳಿನ ಗುಳಿ, ಇಬ್ಬರೂ ಬಗ್ಗಿ ನೋಡುತ್ತಿದ್ದಾರೆ, ಮೇಲೇಳುತ್ತದೆಯೋ, ಹಾಗೇ ಕೂರುತ್ತದೆಯೋ, ಗುಳಿ —