ಮೂರನೆಯ ದಾರ

ಹಲ್ಲಿ ಈಗ ಗಂಡನ ಮೀಸೆಯ ಮೇಲೆ ಹೋಗಿ ಕೂತಿತು, ಗೋಡೆಯ ಮೇಲಿನ ಚಿತ್ರದ ಗಂಡ, ಒಂದು ಹೆಂಡತಿ, ಒಂದು ಹುಡುಗಿ, ಒಂದು ಹುಡುಗನನ್ನು ಮಗ್ಗುಲಿಗೆ ನಿಲ್ಲಿಸಿಕೊಂಡು ಸಂಸಾರವೆಂದರೆ ಇಷ್ಟೇ ನೋಡಿ ಎಂದು ನಗುತ್ತಿರುವ ಗಂಡ, ಮೂಗಿನ ಕೆಳಗೆ ಹಲ್ಲಿ ಬಂದು ಕೂತರೂ ನಗುತ್ತಲೇ ಇದ್ದಾನೆ, ಇಂಥ ತಾಳ್ಮೆಯ ಗಂಡ ಬಣ್ಣದಲ್ಲಿ ಬರೆದರೆ ಮಾತ್ರ ಸಿಗುವುದು — ಪ್ರೇಮಲಾಗೆ ನಗು ಬಂತು, ಬಂದದ್ದನ್ನು ಸೆರಗಿನಲ್ಲಿ ಒರೆಸಿಕೊಂಡಳು, ಜಹೀರಾಬಾದಿನ ಈ ದವಾಖಾನೆಯ ಬೆಂಚಿನ ಮೇಲೆ ನಿಜಾಮರ ಕಾಲದಿಂದ ಇಲ್ಲಿಯವರೆಗೆ ಅವಳಷ್ಟು ಹೊತ್ತು ಕೂತವರು ಯಾರೂ ಇರಲಿಕ್ಕಿಲ್ಲ, ಬೆಂಚು ಅವಳ ಆಕಾರಕ್ಕೆ ಸವೆದು ಹೋಗಿದೆ, ಇನ್ನೊಂದು ಗಳಿಗೆ ಕೂತರೆ ಇವಳಿಗೂ ಸುಣ್ಣ ಹಚ್ಚಿ ಹೋಗುತ್ತಾರೆ, ಮನೆಯಲ್ಲಿ ಅತ್ತೆ ಸುಗಲಾಬಾಯಿಗೆ ಹೇಳಿ ಬಂದದ್ದು ಬಿಪಿ ಗುಳಿಗೆ ತರುತ್ತೇನೆ ಎಂದು, ಬಿಪಿ ಗುಳಿಗೆ ತರಲು ಕೊಹೀರಿನಿಂದ ಇಷ್ಟು ದೂರ ಯಾಕ ಎಂದು ಅತ್ತೆ ಕೇಳಲಿಲ್ಲ, ಕೇಳಿದ್ದರೆ ಪ್ರೇಮಲಾಳ ಬಾಯಲ್ಲಿ ಏಳು ಸುಳ್ಳು ಸಿದ್ಧವಿದ್ದವು, ಒಂದಕ್ಕಿಂತ ಒಂದು ಚಂದ, ಕೇಳದೆ ಬಿಟ್ಟದ್ದರಿಂದ ಆ ಏಳೂ ಹೊಟ್ಟೆಯಲ್ಲೇ ಉಳಿದವು, ಹೊಟ್ಟೆ — ಅಲ್ಲಿ ಬೇಡ, ಹಲ್ಲಿಯನ್ನು ನೋಡು, ಹಲ್ಲಿ ಮೀಸೆ ಬಿಟ್ಟು ಹುಡುಗನ ಕಡೆಗೆ ಹೊರಟಿದೆ.

ಎಷ್ಟ್ ಮಕ್ಕಳ್ರೀ ಅಕ್ಕಾ ಎಂದು ಸಿಸ್ಟರ್ ಬಾಲಮಣಿ ಬಂದ ಕೂಡಲೇ ಕೇಳಿದ್ದಳು, ಪ್ರೇಮಲಾಳ ತವರಾದ ನಾಗಲಗಿದ್ದದ ಕಡೆಯವಳೇ, ತೆಲುಗಿನಲ್ಲಿ ಶುರು ಮಾಡಿ ಇವಳ ಮುಖ ನೋಡಿ ಕನ್ನಡಕ್ಕೆ ಹೊರಳಿದಳು, ಎಷ್ಟ್ ಮಕ್ಕಳು, ಎಂಥ ಸಣ್ಣ ಪ್ರಶ್ನೆ, ತಾನು ಬಡಿದ ಜೋಳದ ರೊಟ್ಟಿ ಗಂಡ ಕೆಲಸ ಮಾಡುವ ತಾಂಡೂರಿನ ಹಾಸುಗಲ್ಲಿಗಿಂತ ಅಗಲ ಎಂದು ಓಣಿ ತುಂಬ ಹೇಳಿಕೊಂಡು ತಿರುಗುವವಳು ಪ್ರೇಮಲಾ, ಹಿರಿಮಗಳು ಶೈಲಶ್ರೀ ಹುಟ್ಟುವಾಗ ತಾನು ಕೂಗಿದ ಕೂಗಿಗೆ ನಾರಾಯಣಖೇಡದ ಬಸ್ಸು ನಿಂತುಬಿಟ್ಟಿತ್ತು ಎಂದು ಹೇಳಿದವಳು, ಒಂದನ್ನು ಹತ್ತು ಮಾಡಿ ಹೇಳುವ ಆ ಬಾಯಿಗೆ ಎರಡನ್ನು ಎರಡು ಎನ್ನಲು ಆಗಲಿಲ್ಲ, ಒಬ್ಬಾಕಿ ರೀ ಎಂದಳು, ಬಾಲಮಣಿ ಒಬ್ಬಾಕಿ ಎಂದು ಬರೆದುಕೊಂಡಳು, ಅಷ್ಟೇ, ಅವನು ಇರಲಿಲ್ಲ — ಇದ್ದ, ಒಂಬತ್ತು ತಿಂಗಳು ಇದ್ದ, ಒದೆಯುತ್ತಿದ್ದ, ಹೊಟ್ಟೆಯ ಮೇಲೆ ಇಟ್ಟ ಊಟದ ತಾಟು ಹಾರಿ ಬಿದ್ದಿತ್ತು ಅವನ ಒದೆತಕ್ಕೆ, ಇದು ಸುಳ್ಳಲ್ಲ, ಸ್ವಲ್ಪ ಸುಳ್ಳು, ತಾಟು ಅಲ್ಲಾಡಿತ್ತು.

ಮಕ್ಕಳಾಗದ ಗುಳಿಗೆ ಬೇಡ ಎಂದಿದ್ದರು ಡಾಕ್ಟರಮ್ಮ, ನಿನಗೆ ಬಿಪಿ ಅದ, ಹಾರ್ಮೋನಿನ ಗುಳಿಗಿ ಬ್ಯಾಡ, ಇಂಜೆಕ್ಷನ್ನೂ ಬ್ಯಾಡ, ಈಗ ಇನ್ನೊಂದು ನಿಂತರೆ ನಿನ್ನ ಜೀವಕ್ಕೂ ತ್ರಾಸ, ಮೈ ಸುಧಾರಿಸಲಿ, ಅಲ್ಲಿತನಕ ಹಾರ್ಮೋನ್ ಇಲ್ಲದ್ದು ಏನಾದರೂ ನೋಡ್ಕೋ, ನೋಡಿಕೊಂಡಳು, ಮೊದಲು ನಿರೋಧ, ಗಂಡ ಕಾಶಿನಾಥ ತಾಂಡೂರಿನಿಂದ ಭಾನುವಾರ ಬರುವಾಗ ಕಳ್ಳಮಾಲು ತಂದವನ ಹಾಗೆ ಅಂಗಿಯ ಜೇಬಿನಲ್ಲಿ ತಂದ, ಒಗೆಯಲು ಅಂಗಿ ತೆಗೆದುಕೊಂಡ ಸುಗಲಾಬಾಯಿ ಆ ಪಾಕೀಟನ್ನು ಬಚ್ಚಲಿಗೆ ಒಯ್ದಳು, ಏ ಪ್ರೇಮಲಾ, ಇದೆಂಥ ಶಾಂಪೂ ತಂದಾನವ್ವ ನಿನ್ನ ಗಂಡ, ನೊರಿನೇ ಬರವಲ್ದು — ಅಯ್ಯೋ ಆ ದಿನದ ನಗು, ಒಲೆಯ ಮುಂದೆ ಬಿದ್ದು ಹೊರಳಿದಳು, ಮೂರು ಹಳ್ಳಿಗೆ ಸಾಲುವಷ್ಟು ನಕ್ಕಳು, ಆ ಕೂಸು ಹೋದ ಮೇಲೆ ನಕ್ಕದ್ದು ಅದೇ ಮೊದಲು, ನಗುತ್ತ ನಗುತ್ತ ಎಲ್ಲಿಗೆ ಬಂದಳೋ ಗೊತ್ತಾಗಲಿಲ್ಲ, ಯಾಕ ಅಳಾಕತ್ತಿ ಎಂದು ಅತ್ತೆ ತೊಯ್ದ ಕೂದಲಲ್ಲೇ ಬಂದು ನಿಂತಿದ್ದಳು, ಕಾಶಿನಾಥ ಮತ್ತೆ ತರಲಿಲ್ಲ, ಗಂಡಸರಿಗೂ ಆಪರೇಷನ್ ಮಾಡ್ತಾರಂತ್ರೀ ಎಂದು ಹೇಳಿ ನೋಡಿದಳು, ನಾ ಕಲ್ಲು ಎತ್ತೋ ಮನಷ್ಯಾ, ಪ್ರೇಮಾ, ಎಂದ, ತಾಂಡೂರಿನ ಗಣಿಯೆಲ್ಲ ಇವನ ಬೆನ್ನ ಮೇಲೇ ನಿಂತ ಹಾಗೆ, ಇವಳೇ ಆಪರೇಷನ್ ಮಾಡಿಸಿಕೊಂಡರೆ ಅಲ್ಲಿಗೆ ಬಾಗಿಲೇ ಮುಚ್ಚಿತು, ಅಷ್ಟು ಗಟ್ಟಿ ಎದೆ ಅವಳಿಗಿಲ್ಲ, ಉಳಿದದ್ದು ಗರ್ಭದೊಳಗೆ ಹಾಕಿಸಿಕೊಳ್ಳುವ ತಾಮ್ರದ್ದು, ನಿನ್ನೆ ಫೋನಿನಲ್ಲಿ ಹೇಳಿದಾಗ ಅವನ ಹಿಂದೆ ಕಲ್ಲು ಕೊಯ್ಯುವ ಮಷಿನ್ನು ಕಿರುಚುತ್ತಿತ್ತು, ನಿನಗ ಹೆಂಗ ಸರಿ ಕಾಣಸ್ತದ ಹಂಗ ಮಾಡು ಎಂದ, ಅವ್ವಗ ಏನ್ ಹೇಳ್ಲಿ ಎಂದರೆ ಮಷಿನ್ನು ಮಾತ್ರ ಮಾತಾಡಿತು.

ಅವ್ವಗೆ ಹೇಳುವುದು ಏನನ್ನು, ಅವಳ ಆಸೆ ಇವಳ ಕೊರಳಲ್ಲೇ ತೂಗುತ್ತಿದೆ, ಕುಪ್ಪಸದ ಒಳಗೆ ಎರಡು ದಾರ, ಒಂದು ಪ್ರೇಮಲಾಳ ಲಿಂಗದ್ದು, ಇನ್ನೊಂದು ಅವನದು, ಎಂಟನೆಯ ತಿಂಗಳಲ್ಲಿ ಅಯ್ಯನವರು ಮನೆಗೆ ಬಂದು ಹೊಟ್ಟೆಯೊಳಗಿನ ಕೂಸಿಗೆಂದು ತಾಯಿಯ ಕೊರಳಿಗೇ ಕಟ್ಟಿದ್ದು, ಹುಟ್ಟುವ ತನಕ ತಾಯಿ ಹೊರಬೇಕು, ಹುಟ್ಟಿದ ಮೇಲೆ ಕೂಸಿನ ಕೊರಳಿಗೆ, ಬಿಳಿ ಬಟ್ಟೆಯಲ್ಲಿ ಸುತ್ತಿದ ಇಷ್ಟೇ ಇಷ್ಟು ಗಂಟು, ಆ ದಿನ ಸುಗಲಾಬಾಯಿ ಓಣಿಗೆಲ್ಲ ಹುಗ್ಗಿ ಉಣ್ಣಿಸಿದ್ದಳು, ಹೊಟ್ಟೆ ಮುಟ್ಟಿ ನಮ್ಮಪ್ಪ ಬಾರೋ ಎಂದಿದ್ದಳು, ಬಂದ, ಉಸಿರಿಲ್ಲದೆ ಬಂದ, ಹಳೆಯ ಸೀರೆಯಲ್ಲಿ ಸುತ್ತಿ ಪಕ್ಕಕ್ಕೆ ಮಲಗಿಸಿದರು, ತಲೆ ತುಂಬ ಕೂದಲು, ಇಡೀ ತೆಲಂಗಾಣದಲ್ಲಿ ಯಾವ ಕೂಸಿಗೂ ಇರಲಿಲ್ಲ ಅಷ್ಟು ಕೂದಲು, ಇದರಲ್ಲಿ ಒಂದು ಎಳೆಯೂ ಸುಳ್ಳಿಲ್ಲ, ಮುಷ್ಟಿ ಬಿಗಿದುಕೊಂಡಿದ್ದ, ತನ್ನ ಮಗನಲ್ಲವೇ, ಏನೋ ಬಚ್ಚಿಟ್ಟುಕೊಂಡು ಬಂದಿದ್ದಾನೆ ಎಂದು ಇಂಜೆಕ್ಷನ್ನಿನ ಮಂಪರಿನಲ್ಲಿ ಅವಳು ಬೆರಳು ಬಿಡಿಸಿದಳು, ಕಿರುಬೆರಳು, ಅದರ ಪಕ್ಕದ್ದು, ಅದರ ಪಕ್ಕದ್ದು — ಕಾಶಿನಾಥ ಕೈ ಚಾಚಿದ, ಕೊಡು, ಕತ್ತಲಾಗ್ತದ, ಎಂದ, ಒಯ್ದರು, ಮಣ್ಣು ಮಾಡುವಾಗ ಅಂಗೈಯಲ್ಲಿ ಲಿಂಗ ಇಡಬೇಕು, ಅಯ್ಯನವರು ಲಿಂಗ ಎಲ್ಲಿ ಎಂದಾಗ ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರಂತೆ, ಅದು ಇವಳ ಕೊರಳಲ್ಲೇ ಉಳಿದಿತ್ತು, ಯಾರಿಗೂ ನೆನಪಾಗಿರಲಿಲ್ಲ, ಚಿಟಿಕೆ ವಿಭೂತಿ ಇಟ್ಟು ಮುಚ್ಚಿದರು, ಎಷ್ಟೋ ಭಾನುವಾರ ಕಳೆದ ಮೇಲೆ ರೊಟ್ಟಿ ಮುರಿಯುತ್ತ ಕಾಶಿನಾಥ ಹೇಳಿದ, ಕೈ ಖಾಲಿ ಇತ್ತು, ಪ್ರೇಮಾ, ಮುರಿದ ರೊಟ್ಟಿ ಹಾಗೇ ಬಿಟ್ಟು ಎದ್ದ.

ಬಾಣಂತಿಗೆ ನೀರು ಹಾಕುವಾಗ ಸುಗಲಾಬಾಯಿ ಎರಡು ಗಂಟು ನೋಡಿದಳು, ಚೊಂಬು ಕೆಳಗಿಟ್ಟಳು, ಅತ್ತಳು, ಆಮೇಲೆ ಅವಳ ಮುಖದಲ್ಲಿ ದೀಪ ಹಚ್ಚಿದ ಹಾಗಾಯಿತು, ಶಿವನೇ ಮರಸ್ಯಾನವ್ವಾ, ಆ ಕೂಸು ತನ್ನ ಲಿಂಗ ಇಲ್ಲೇ ಇಟ್ಟ ಹೋಗ್ಯಾನ, ತಗೊಳ್ಳಾಕ ಬಂದೇ ಬರ್ತಾನ, ಬಿಚ್ಚಬ್ಯಾಡ, ಅಂದಿನಿಂದ ದಿನಾ ಮುಂಜಾನೆ ವಿಭೂತಿ ಹಚ್ಚುವ ನೆಪದಲ್ಲಿ ಅತ್ತೆ ಬಂದು ಆ ಗಂಟು ಮುಟ್ಟಿ ನೋಡುತ್ತಾಳೆ, ಬೈದರೆ ಬೈಗುಳಕ್ಕೆ ಎರಡರಷ್ಟು ಕೊಡಬಲ್ಲಳು ಪ್ರೇಮಲಾ, ಮುಟ್ಟಿ ನೋಡುವ ಮುದುಕಿಗೆ ಏನು ಕೊಡುವುದು, ಈಗ ತಾಮ್ರ ಹಾಕಿಸಿಕೊಂಡರೆ ತಗೊಳ್ಳಾಕ ಬಂದವನನ್ನು ಹೊಸ್ತಿಲಲ್ಲೇ ನಿಲ್ಲಿಸಿದ ಹಾಗೆ, ಬರ್ತಾನೇನು, ಆ ಕೂದಲಿನವನೇ ಬರ್ತಾನೇನು, ಬಂದರೆ ಇನ್ನೊಬ್ಬ ಬರಬೇಕು, ಇನ್ನೊಬ್ಬನಿಗೆ ಇನ್ನೊಂದು ಲಿಂಗ, ಇದು ಇವನದು, ಸತ್ತವನ ಅಂಗಿ ತೊಡಿಸಿ ಇನ್ನೊಬ್ಬನನ್ನು ಬೆಳೆಸುವುದು ಅವಳಿಂದಾಗದು, ಬರುವ ಭಾನುವಾರ ಕಾಶಿನಾಥನನ್ನು ಎಳೆದುಕೊಂಡಾದರೂ ಆ ಮಣ್ಣಿಗೆ ಹೋಗಿ ಇದನ್ನು ಇಟ್ಟು ಬರಬೇಕು, ಬರುವ ಭಾನುವಾರ ಎಂದು ಹೇಳಿಕೊಳ್ಳುತ್ತಲೇ ತೊಗರಿ ಬಿತ್ತಿದರು, ತೊಗರಿ ಹೂ ಬಿಟ್ಟಿತು.

ಬರ್ರಿ ಅಕ್ಕಾ ಎಂದಳು ಬಾಲಮಣಿ, ಹಲ್ಲಿ ಹುಡುಗನ ಮುಖದ ಮೇಲಿದೆ, ನೋಡಬೇಡ, ಒಳಗೆ ಹಸಿರು ಪರದೆ, ಫಿನೈಲಿನ ವಾಸನೆ, ಬಾಲಮಣಿ ತೋರಿಸಿದಳು, ನೋಡ್ರಿ, ಇಷ್ಟೇ, ಇಂಗ್ಲಿಷಿನ ಟೀ ಅಕ್ಷರ ಇದ್ದಂಗ ಅದ, ಮೈಮೇಲೆ ತಾಮ್ರದ ತಂತಿ ಸುತ್ಯಾರ, ಇಷ್ಟೇನಾ ಎಂದಳು ಪ್ರೇಮಲಾ, ನಾ ತಾಮ್ರ ಅಂದ್ರ ನಮ್ಮನಿ ನೀರಿನ ಹಂಡೆದಷ್ಟು ಇರ್ತದ ಅಂತ ಅಂಜಿದ್ದೆ, ಬಾಲಮಣಿ ನಕ್ಕಳು, ಮೊದಲ ಮೊದಲ ಮುಟ್ಟು ಜಾಸ್ತಿ ಹೋಗ್ತದ, ಹೊಟ್ಟಿ ಹಿಡೀತದ, ಭಾಳಾದ್ರ ಬಂದುಬಿಡ್ರಿ, ಮುಂದ ಕೂಸು ಬೇಕನಿಸಿದಾಗ ಇಲ್ಲೇ ಬರ್ರಿ, ತಗಿತೀವಿ, ತುದೀಗಿ ದಾರ ಅದ ನೋಡ್ರಿ, ತಿಂಗಳಿಗೊಮ್ಮೆ ಬೆರಳಿಗಿ ಹತ್ತತದೋ ಇಲ್ಲೋ ನೋಡ್ಕೋಬೇಕು, ದಾರ ಇದ್ರ ಅದು ತನ್ನ ಜಾಗಾದಾಗೇ ಅದ ಅಂತ ಅರ್ಥ — ಇನ್ನೊಂದು ದಾರ, ಮೂರನೆಯದು, ಇವಳ ಮೈಯೊಂದು ಮಗ್ಗವಾಯಿತು, ನಗು ಬರಬೇಕಿತ್ತು, ಸೆರಗು ಜಾರಿತು, ಎರಡ್ಯಾಕ ರೀ ಅಕ್ಕಾ, ಬಾಲಮಣಿಯ ಕಣ್ಣು ಕೊರಳ ಮೇಲೆ, ನಮ್ಮ ಮನ್ಯಾಗ ಭಕ್ತಿ ಭಾಳ ರೀ ಸಿಸ್ಟರ್, ಒಂದರಾಗ ಹಿಡಸಂಗಿಲ್ಲ, ಬಾಲಮಣಿ ನಗಲು ಹೋಗಿ ನಿಂತಳು, ಅವಳೂ ಆ ಕಡೆಯ ಊರಿನವಳೇ, ಯಾರ ಕೊರಳಿಗೆ ಯಾವಾಗ ಎರಡು ಕಟ್ಟುತ್ತಾರೆ ಎಂಬುದನ್ನು ಕಂಡವಳು, ಒಬ್ಬಾಕಿ ಎಂದು ತಾನೇ ಬರೆದುಕೊಂಡವಳು, ಸೆರಗು ಎಳೆದು ಹೊದಿಸಿದಳು, ಹಾಕಲೇನ್ರೀ, ಮನಸ್ಸು ಗಟ್ಟಿ ಅದ ಹೌದಲ್ಲ, ಎಂದಳು, ಪ್ರೇಮಲಾ ಹೂಂ ಎಂದಳು, ಒಂದೇ ಹೂಂ, ಹಿಂದೆ ಮುಂದೆ ಏನೂ ಸೇರಿಸದೆ.

ತಣ್ಣನೆಯ ಕಬ್ಬಿಣ, ಆಮೇಲೆ ಒಳಗೆಲ್ಲೋ ಚಿವುಟಿದ ಹಾಗೆ, ಇದು ಏನು ನೋವು, ನಾರಾಯಣಖೇಡದ ಬಸ್ಸು ನಿಲ್ಲಿಸಿದವಳಿಗೆ, ಸೂರಿನ ಮೂಲೆಯಲ್ಲಿ ಒಂದು ಕಲೆ, ಅದನ್ನು ನೋಡು, ಮುಗೀತು ರೀ, ಆತು ಆತು ಎನ್ನುತ್ತಿದ್ದಾಳೆ ಬಾಲಮಣಿ, ಈಗ ಉಸುರು ಬಿಡ್ರಿ, ಮೈ ಸಡ್ಲ ಬಿಡ್ರಿ, ಇದ್ಯಾಕ ಅಕ್ಕಾ ಮುಷ್ಟಿ ಹಿಂಗ ಬಿಗದೀರಿ, ಬಿಡ್ರಿ — ಎದೆಯ ಮೇಲಿರುವ ತನ್ನ ಕೈ, ಯಾವಾಗ ಹೋಯಿತು ಕುಪ್ಪಸದೊಳಗೆ, ಯಾವಾಗ ಹಿಡಿಯಿತು ಆ ಗಂಟನ್ನು, ಗೊತ್ತಿಲ್ಲ, ಬೆರಳು ಬಿಡಲೊಲ್ಲವು, ಬಾಲಮಣಿ ಕೈಗವಸು ಕಳಚಿ ಅವನ್ನು ಬಿಡಿಸುತ್ತಿದ್ದಾಳೆ, ಮೆಲ್ಲಗೆ, ಮಲಗಿದ ಕೂಸಿನದನ್ನು ಬಿಡಿಸಿದ ಹಾಗೆ, ಕಿರುಬೆರಳು, ಅದರ ಪಕ್ಕದ್ದು, ಬಿಳಿ ಬಟ್ಟೆ ಬೆವರಿಗೆ ತೊಯ್ದಿದೆ, ಅದರ ಪಕ್ಕದ್ದು, ಅವನ ಉಗುರು ಜೋಳದ ಕಾಳಿನಷ್ಟು, ಅದರ ಪಕ್ಕದ್ದು, ಹೆಬ್ಬೆರಳು, ಒಳಗೆ ಗೆರೆ ಇದ್ದವು, ಎಲ್ಲ ಗೆರೆಗಳೂ ಇದ್ದವು, ಆ ಅಂಗೈ, ತೆರೆದ ಅಂಗೈ, ಖಾಲಿ, ಅಂಗೈ