ಬಿಳಿ ಹೆಜ್ಜೆಗಳ ದೂರು

ರಸ್ತೆ ಅಗಲವಾದ ಮೇಲೆ ನಮ್ಮತ್ತೆಯೂ ಅವರಕ್ಕ ದೊಡ್ಡತ್ತೆಯೂ ಎದುರುಬದುರು ಕಿಟಕಿಗಳಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ಕಣ್ಣಿಗೆ ಕಂಡರೂ ಕೈಗೆ ಸಿಗದ ಅಕ್ಕ! ದಾಟುವ ಪಟ್ಟೆ ಎಲ್ಲಿ ಬಳಿಯಬೇಕೆಂದು ಪರೀಕ್ಷಿಸುವುದು ನನ್ನ ಉದ್ಯೋಗ. ದೊಡ್ಡ ಇಂಜಿನಿಯರು ನಕ್ಷೆ ನೋಡಿ ದೂರದ ಸಿಗ್ನಲ್ಲಿನ ಹತ್ತಿರ ಗುರುತು ಹಾಕಿದ್ದರು. ಔಷಧಿ ಅಂಗಡಿಯ ಮೇಲಿನ ಮನೆಯಲ್ಲಿದ್ದ ಅತ್ತೆಯ ಮಂಡಿಗೆ ಅಷ್ಟು ದೂರ ಆಗದ ಮಾತು; ಇಂಜಿನಿಯರಿಗೂ ಹೇಳಿದ್ದೆ.

“ಜನ ಅಲ್ಲಿ ದಾಟಲ್ಲ ಸಾರ್. ಔಷಧಿ ಅಂಗಡಿ ಎದುರಿಗೇ ದಾಟ್ತಾರೆ.”

“ಜನಾನೋ, ನಿಮ್ಮತ್ತೇನೋ?” ಎಂದು ನಕ್ಕರು. “ತೋರಿಸು ನೋಡೋಣ. ನಾಳೆ ಮಧ್ಯಾಹ್ನ ಬಣ್ಣದ ಗಾಡಿ ಬರತ್ತೆ, ಅಷ್ಟರೊಳಗೆ.”

ಅದಕ್ಕೆ ನಮ್ಮಲ್ಲೊಂದು ಉಪಾಯವಿದೆ. ರಸ್ತೆಯ ನಡುಗಟ್ಟೆಯುದ್ದಕ್ಕೂ ಸೀಮೆಸುಣ್ಣದ ಪುಡಿ ಚೆಲ್ಲುವುದು. ಜನ ಎಲ್ಲಿ ಹತ್ತಿಳಿಯುತ್ತಾರೋ ಅಲ್ಲಿ ಹೆಜ್ಜೆ ಮೂಡುತ್ತದೆ. ಮರುದಿನ ಬೆಳಗ್ಗೆಯೇ ಚೆಲ್ಲಿ, ಕಚೇರಿಗೆ ಓಡಿ ಕ್ಯಾಮೆರಾ ತಂದು ನೋಡುತ್ತೇನೆ, ಕಟ್ಟೆ ಲಕಲಕ! ಗುಡಿಸುವ ಅಕ್ಕ ಪೊರಕೆ ಊರಿ ನಿಂತಿದ್ದಳು.

“ಯಾವನೋ ಮೂಟೆ ಒಡ್ಕೊಂಡು ಹೋಗಿದ್ನಮ್ಮ. ಒಂದು ಚೂರೂ ಬಿಡ್ದೆ ಗುಡ್ಸಿದೀನಿ!”

ಅವಳಿಗೊಂದು ಮಾತು ಹೇಳುವುದು ನನಗೇ ಹೊಳೆದಿರಲಿಲ್ಲ. ಯಾರನ್ನು ಬೈಯಲಿ? ಅಷ್ಟರಲ್ಲಿ ಔಷಧಿ ಅಂಗಡಿಯವನ ಕೂಗು: “ಯಾರ್ರೀ ಅದು ಸುಣ್ಣ ಸುರಿದೋರು? ನನ್ನ ನೆಲ ನೋಡಿ!”

ಪಕ್ಕದ ದರ್ಜಿಯೂ ಹೊರಬಂದ. “ನಿಮ್ಮದೊಂದೇನಾ? ನನ್ನ ಮೆಟ್ಟಿಲ ಮೇಲೆ ದಂಡೇ ಹೋಗಿದೆ!”

ನೋಡಿದೆ. ಚಪ್ಪಲಿ, ಬೂಟು, ಊರುಗೋಲಿನ ಚುಕ್ಕೆ, ಎಲ್ಲ ಬೆಳ್ಳಗೆ! ರಸ್ತೆಯಂಚಿನಿಂದ ನೆಟ್ಟಗೆ ಬಾಗಿಲಿಗೇ ಬಂದಿದ್ದವು.

“ಒರೆಸ್ಬೇಡಿ! ನಿಮ್ಮ ದಮ್ಮಯ್ಯ, ಒರೆಸ್ಬೇಡಿ!” ಎಂದು ಕಿರುಚಿದೆ. ದರ್ಜಿ ನನ್ನ ತಲೆ ಕೆಟ್ಟಿದೆಯೆಂದೇ ತಿಳಿದ.

ಇಂಜಿನಿಯರು ಬಂದರು, ಬೆನ್ನಿಗೇ ಬಣ್ಣದ ಗಾಡಿ. ಕುಕ್ಕರುಗಾಲಲ್ಲಿ ಕೂತು ಹೆಜ್ಜೆ ಮುಟ್ಟಿ ನೋಡಿದರು.

“ಸಿಗ್ನಲ್ ಹತ್ರ ದಾಟಿ ಇಲ್ಲೀತನಕ ನಡ್ಕೊಂಡು ಬಂದಿರ್ಬೋದಲ್ಲ?”

“ಹಾಗಿದ್ರೆ ಸಿಗ್ನಲ್ಲಿಂದ ಇಲ್ಲೀವರೆಗೂ ಫುಟ್‌ಪಾತ್ ಮೇಲೆ ಹೆಜ್ಜೆ ಎಲ್ಲಿ ಸಾರ್?”

“ಇವಳು ಗುಡಿಸಿರ್ತಾಳೆ.”

“ಫುಟ್‌ಪಾತ್ ನಾನಿನ್ನೂ ಮುಟ್ಟೇ ಇಲ್ಲ ಸಾಹೇಬ್ರೇ,” ಎಂದಳು ಗುಡಿಸುವ ಅಕ್ಕ. “ಹೇಳ್ಬಿಡಿ, ಗುಡಿಸ್ಲಾ?”

“ಬೇಡ!” ಎಂದೆವು ನಾವಿಬ್ಬರೂ ಒಟ್ಟಿಗೆ.

ಅವರು ಎದ್ದು ಮಂಡಿ ಒದರಿಕೊಂಡರು. “ಗಾಡಿ ಈ ಕಡೆ ತಿರುಗ್ಸಯ್ಯ! ಇಲ್ಲೇ ಬಳಿಯೋದು. ನಡುಗಟ್ಟೆ ಒಡೆದು ದಾರಿ ಬಿಡೋರಿಗೂ ಹೇಳು. ಗಾಡಿಗಳು ನಿಧಾನ ಆಗ್ಬೇಕು, ಒಂದು ಉಬ್ಬೂ ಹಾಕ್ಸೋಣ.”

ಕೆಲಸವೆಲ್ಲ ಮುಗಿದ ಸಂಜೆ ಅತ್ತೆ ಫೋನಿನಲ್ಲಿ, “ಅಕ್ಕಾ, ಇಟ್ಬಿಡು, ಬರ್ತಿದೀನಿ,” ಎಂದರು. ನನ್ನ ಕೈ ಬಿಗಿಯಾಗಿ ಹಿಡಿದು ಪಟ್ಟೆಯ ಮೇಲೆ ಕಾಲಿಟ್ಟರು.

“ಬಸ್ಸಿನವನು ನಿಲ್ತಾನೇನೇ?”

ನಿಂತ! ಆ ಕಡೆಯಿಂದ ದೊಡ್ಡತ್ತೆಗೆ ತಡೆಯಲಾಗದೆ ಅವರೂ ಹೊರಟೇಬಿಟ್ಟಿದ್ದರು. ನಟ್ಟನಡುವೆ ಇಬ್ಬರೂ ತಬ್ಬಿ ನಿಂತು, “ಎಷ್ಟು ಸೊರಗಿದೀಯೇ!” ಎಂದು ಶುರು ಮಾಡಿದರು. ಬಸ್ಸಿನವನು ಮೆಲ್ಲಗೊಂದು ಹಾರ್ನ್ ಹೊಡೆದ.

“ದಾಟೋಕೆ ಹಾಕ್ಸಿದ್ದು ದೊಡ್ಡತ್ತೆ, ಹರಟೋಕಲ್ಲ!” ಎಂದೆ.

“ಸುಮ್ನಿರೇ,” ಎಂದರು ಇಬ್ಬರೂ.