ಬನದ ಬದಿಯ ಬೇಲಿ

ಸುದರ್ಶನ ಬೇಲಿ ಮೆಷಿನಿನ ಸ್ವಿಚ್ಚು ಆರಿಸಿ ದೇರಣ್ಣ ಗೌಡರ ಜಗಲಿಯ ಮೆಟ್ಟಿಲ ಮೇಲೆ ಕೂತ. ಮೆಷಿನು ಪೆಟ್ಟಿಗೆಯ ಕೆಂಪು ದೀಪ ಪೂರ್ತಿ ನಂದುವ ತನಕ ಮುಚ್ಚಳ ತೆಗೆಯುವಂತಿಲ್ಲ. ಕರೆಂಟು ತುಂಬಿಟ್ಟುಕೊಳ್ಳುವ ಕಂಡೆನ್ಸರಿನಲ್ಲಿ ಉಳಿದದ್ದು ಮೆಲ್ಲಗೆ ಬಸಿದುಹೋಗಲೆಂದು ಅವನೇ ಒಂದು ರೆಸಿಸ್ಟರ್ ಕೂರಿಸಿದ್ದ. ಈಗೀಗ ಅವನಿಗೆ ವಿಶ್ರಾಂತಿ ಅಂತ ಸಿಗುವುದು ಆ ದೀಪ ನಂದುವಷ್ಟು ಹೊತ್ತು ಮಾತ್ರ.

ಕಡಬ ಪೇಟೆಯಲ್ಲಿ ಟಿ.ವಿ. ರಿಪೇರಿ ಮಾಡಿ ತಲೆ ನರೆತವನು ಅವನು. ಈಗಿನ ಟಿ.ವಿ. ಕೆಟ್ಟರೆ ಎಸೆಯುತ್ತಾರೆ, ರಿಪೇರಿಗೆ ತರುವವರಿಲ್ಲ. ಹಾಗಾಗಿ ಕಾಡುಹಂದಿ ಓಡಿಸುವ ಝಟ್ಕಾ ಬೇಲಿಯ ಮೆಷಿನು ಮಾಡಲು ಹೊರಟ. ಕೊಡಕ್ಕೆ ನೀರು ತುಂಬಿಸಿ ಒಮ್ಮೆಲೇ ಕವುಚಿದ ಹಾಗೆ ಅದರ ಕೆಲಸ. ಬ್ಯಾಟರಿಯಿಂದ ಕಂಡೆನ್ಸರು ತುಂಬಬೇಕು. ತುಂಬಿದ್ದು ಟಕ್ಕೆಂದು ತಂತಿ ಸುತ್ತಿದ ಕಾಯಿಲಿಗೆ ಸುರಿದು, ಸಾವಿರಾರು ವೋಲ್ಟಾಗಿ ಒಂದು ಕ್ಷಣ ತಂತಿಗೆ ಹಾರಬೇಕು. ಮುಟ್ಟಿದ ಹಂದಿಯ ಮೈಯಿಂದ ನೆಲಕ್ಕಿಳಿದು, ನೆಲದಲ್ಲಿ ಹುಗಿದ ಅರ್ತಿಂಗ್ ಸಲಾಕೆಯ ದಾರಿಯಲ್ಲಿ ಮೆಷಿನಿಗೆ ವಾಪಸು ಬರಬೇಕು. ಪೆಟ್ಟು ಜೋರು, ಆದರೆ ಜೀವ ಹೋಗುವುದಿಲ್ಲ.

ಇಚಿಲಂಪಾಡಿಯ ದೇರಣ್ಣ ಗೌಡರ ಮರಗೆಣಸಿನ ಗದ್ದೆಗೆ ಕೂರಿಸಿದ ಮೆಷಿನು ಮಾತ್ರ ಅವನ ಮಾನ ಕಳೆಯುತ್ತಿತ್ತು. ಅದು ಟಕ್ ಟಕ್ ಅನ್ನುತ್ತಲೇ ಇತ್ತು, ಹಂದಿಗಳು ನುಗ್ಗುತ್ತಲೇ ಇದ್ದವು.

"ಎಂತ ಮಾರಾಯ, ನಿನ್ನ ಮೆಷಿನು ಹಂದಿಗೆ ತಾಳ ಹಾಕ್ಲಿಕ್ಕೆ ಇಟ್ಟದ್ದಾ?" ದೇರಣ್ಣ ಕೇಳಿದರು. "ಬೆನ್ನು ತುರಿಸಿಕೊಂಡು ಹೋಗ್ತವೆ ನಿನ್ನ ತಂತಿಗೆ."

"ಇನ್ನೊಂದು ಸಲ ನೋಡುವ ದೇರಣ್ಣ."

"ನೋಡಿ ನೋಡಿ ಸಾಕಾಯ್ತು. ಅರ್ಧ ಗೆಣಸು ಹೋಯ್ತು. ಇವತ್ತು ಕತ್ತಲಾಗುದರೊಳಗೆ ಸರಿಯಾಗದಿದ್ರೆ ನಾನು ಸೀದಾ ಲೈನಿಂದಲೇ ಕರೆಂಟು ಕೊಡುದು. ತಂತಿಯೂ ತಂದಾಯ್ತು."

ಜಗಲಿಯ ಗೋಡೆಯ ಮೊಳೆಯಲ್ಲಿ ಹೊಸ ತಂತಿಯ ಸುರುಳಿ ನೇತಾಡುತ್ತಿತ್ತು. ಸುದರ್ಶನ ಅದನ್ನೇ ನೋಡಿದ. ಲೈನಿನ ಕರೆಂಟು ಹೊಡೆದು ಬಿಡುವಂಥದ್ದಲ್ಲ, ಹಿಡಿದರೆ ಹಿಡಿದದ್ದೇ. ಆ ಬೇಲಿಯ ಬದಿಯಲ್ಲೇ ಮಕ್ಕಳು ಶಾಲೆಗೆ ಹೋಗುವ ಕಾಲುದಾರಿ.

"ಅಲ್ಲಿ ಮಕ್ಕಳು ಹೋಗುದು ಮಾರಾಯ್ರೆ."

"ಬೆಳಿಗ್ಗೆ ತೆಗೀತೇನೆ."

"ಒಂದು ದಿನ ಮರೆತ್ರೆ?"

ದೇರಣ್ಣ ಸುರುಳಿಯನ್ನು ಮೊಳೆಯಲ್ಲಿ ನೆಟ್ಟಗೆ ಮಾಡಿದರು.

ದೀಪ ನಂದಿತು. ಆದರೂ ಸುದರ್ಶನ ಮುಚ್ಚಳ ತೆಗೆದು, ಕಂಡೆನ್ಸರಿಗೆ ಬಲ್ಬಿನ ವಯರು ತಾಗಿಸಿ, ಮಿಂಚಲಿಲ್ಲವೆಂದು ನೋಡಿಕೊಂಡೇ ಕೈ ಹಾಕಿದ. ಒಳಗೆ ಎಲ್ಲ ಸರಿಯಿತ್ತು. ಮುಚ್ಚಳ ಹಾಕಿ, ಸ್ವಿಚ್ಚು ಒತ್ತಿ, ಮೊಣಕಾಲು ನೋವಿನಲ್ಲೇ ಬೇಲಿಯುದ್ದಕ್ಕೂ ನಡೆದ. ಹಸಿ ಹುಲ್ಲಿನ ಎಳೆಯೊಂದನ್ನು ತಂತಿಗೆ ತಾಗಿಸಿ ಹಿಡಿದ. ಇರುವೆ ಕಚ್ಚಿದಷ್ಟೂ ಇಲ್ಲ. ಮೆಷಿನು ಮಾತ್ರ ಟಕ್ ಅನ್ನುತ್ತಲೇ ಇದೆ; ಹಾಗಾದರೆ ತುಂಬುವುದರಲ್ಲಿ, ಸುರಿಯುವುದರಲ್ಲಿ ತಪ್ಪಿಲ್ಲ. ಹೋದದ್ದು ನೆಲದ ದಾರಿಯಲ್ಲಿ ವಾಪಸು ಬರುತ್ತಿಲ್ಲ.

ಅರ್ತಿಂಗ್ ಸಲಾಕೆ ಹುಗಿಸಿ ಎಂದು ತಾನು ಗುರುತು ಹಾಕಿಕೊಟ್ಟಿದ್ದ ಜಾಗಕ್ಕೆ ಹೋದ. ಬೇಸಗೆಯಲ್ಲೂ ತೇವ ಆರದ ತಗ್ಗು ಅದು. ಅಲ್ಲಿ ಸಲಾಕೆಗಳೇ ಇರಲಿಲ್ಲ. ವಯರಿನ ಜಾಡು ಹಿಡಿದು ಹೋದರೆ, ಮೇಲಿನ ಒಣ ಕೆಂಪು ಮುರಕಲ್ಲಿನ ಸಂದಿಯಲ್ಲಿ ಸಿಕ್ಕಿಸಿಟ್ಟಿದ್ದವು.

ದೇರಣ್ಣರ ಹೆಂಡತಿ ತಿಮ್ಮಕ್ಕ ಬೆಲ್ಲ, ನೀರು ಹಿಡಿದುಕೊಂಡು ಬಂದರು.

"ತಿಮ್ಮಕ್ಕ, ಈ ಸಲಾಕೆ ಇಲ್ಲಿ ಹಾಕಿದ್ದು ಯಾರು?"

"ನಾನೇ ಹಾಕ್ಸಿದ್ದು. ನೀನು ಗುರ್ತು ಹಾಕಿದ್ದು ನಾಗಬನದ ಒಳಗಲ್ವಾ? ಬನದ ಮಣ್ಣಿಗೆ ಕಬ್ಬಿಣ ಇಳಿಸುದುಂಟಾ?"

"ನಂಗೆ ಒಂದು ಮಾತು ಹೇಳ್ಬಹುದಿತ್ತಲ್ಲ."

"ನಿಂಗೆ ಎಂತ ಹೇಳುದು? ನೀನೂ ಇದೇ ಸೀಮೆಯವ."

ಅವನಿಗೆ ಗೊತ್ತಿತ್ತು. ಅವನ ಮನೆಯಲ್ಲೂ ಬನವಿದೆ, ಅಲ್ಲೂ ಯಾರೂ ಹಾರೆ ಹಾಕುವುದಿಲ್ಲ. ಗುರುತು ಹಾಕುವ ದಿನ ದಣಿದಿದ್ದ. ಕಣ್ಣಿಗೆ ಬಿದ್ದದ್ದು ತೇವ ಮಾತ್ರ, ಅದರಾಚೆಯ ನಾಗನ ಕಲ್ಲು, ಮರ, ಬಳ್ಳಿ ಯಾವುದೂ ಕಾಣಲಿಲ್ಲ. ಉಳಿದ ಕಡೆಯೆಲ್ಲ ಒಂದು ಮೊಳ ಅಗೆದರೆ ಮುರಕಲ್ಲು, ಆ ಒಣ ಕಲ್ಲಿನಲ್ಲಿ ಕರೆಂಟು ಹರಿಯುವುದಿಲ್ಲ.

"ಆಗುದಿಲ್ಲ ಅಂತ ಆಯ್ತಲ್ಲ?" ಎನ್ನುತ್ತ, ಹಿಂದೆಯೇ ಬಂದಿದ್ದ ದೇರಣ್ಣ ಜಗಲಿಗೆ ಹೋಗಿ ಮೊಳೆಯಿಂದ ಸುರುಳಿ ಇಳಿಸಿ ತಂದರು.

ಸುದರ್ಶನ ಬೆಲ್ಲ ಕಚ್ಚಿ ನೀರು ಕುಡಿದ. ನೆಲ ವಾಪಸು ತಂದುಕೊಡದಿದ್ದರೆ ತಂತಿಯೇ ತರಬೇಕು. ಮೊದಲಿನ ತಂತಿಯ ಕೆಳಗೆ, ಒಂದು ಗೇಣು ಬಿಟ್ಟು ಇನ್ನೊಂದು ತಂತಿ ಎಳೆದು ಮೆಷಿನಿನ ಅರ್ತಿಂಗಿಗೆ ಕೊಟ್ಟರೆ? ಮೂತಿ ತೂರಿಸಿದ ಹಂದಿ ಎರಡಕ್ಕೂ ತಾಗಲೇಬೇಕು. ಆದರೆ ಅಷ್ಟುದ್ದದ ತಂತಿ ತರಲು ಪೇಟೆಗೆ ಹೋಗಿ ಬರುವಷ್ಟರಲ್ಲಿ ಕತ್ತಲಾಗುತ್ತದೆ.

"ದೇರಣ್ಣ, ಆ ತಂತಿ ಕೊಡಿ."

"ಇದು ಲೈನಿಗೆ ತಂದದ್ದು."

"ಹಾಕುದು ನಿಮ್ಮ ಬೇಲಿಗೇ ಅಲ್ವಾ?"

ದೇರಣ್ಣ ಸುರುಳಿಯನ್ನು ಅವುಚಿಕೊಂಡು ನಿಂತರು. ತಿಮ್ಮಕ್ಕ ಅದನ್ನು ಅವರ ಕೈಯಿಂದ ಬಿಡಿಸಿಕೊಂಡರು. "ಕೊಡದೆ ಮತ್ತೆಂತ, ಉಪ್ಪಿನಲ್ಲಿ ಹಾಕಿಡ್ತೀರಾ?"

ಸುದರ್ಶನ ಮೆಷಿನು ಆರಿಸಿ ಬಂದು ತಂತಿ ಎಳೆಯತೊಡಗಿದ. ಗೂಟದಿಂದ ಗೂಟಕ್ಕೆ ಬಗ್ಗಿ ಏಳುವಾಗ ಅವನ ಸೊಂಟ ಮುರಿದಂತಾಯಿತು. ಒಂದು ಗೇಣು ಕೆಳಗೆ ಎಂದು ಅವನು ಹೇಳಿದಲ್ಲಿ ದೇರಣ್ಣ ಗೊಣಗುತ್ತಲೇ ತಂತಿ ಹಿಡಿದುಕೊಟ್ಟರು. ಕಡೆಯ ಗೂಟಕ್ಕೆ ಬರುವಾಗ ಸುರುಳಿ ಮುಗಿಯಿತು, ಒಂದು ತುಂಡೂ ಉಳಿಯಲಿಲ್ಲ. ಬಿಸಿಲು ಇಳಿದಿತ್ತು. ಸುದರ್ಶನ ಹೊಸ ತಂತಿಯನ್ನು ಮೆಷಿನಿನ ಅರ್ತಿಂಗಿಗೆ ಕೊಟ್ಟು, ಸ್ವಿಚ್ಚು ಒತ್ತಿ, "ಆನ್ ಉಂಟು, ಮುಟ್ಬೇಡಿ" ಎಂದು ಕೂಗಿದ.

"ನೀನು ಹೇಳಿದ ಗೇಣು ಇದೇಯಾ?" ಎಂದು ಗೊಣಗಿದ ದೇರಣ್ಣ ಹೆಬ್ಬೆರಳು ಮೇಲಿನ ತಂತಿಗೂ ಕಿರುಬೆರಳು ಕೆಳಗಿನದಕ್ಕೂ ಚಾಚಿ ಅಳೆದರು. ಟಕ್. ಅವರು ಹಿಂದಕ್ಕೆ ಹಾರಿ ಗೆಣಸಿನ ಸಾಲಿನಲ್ಲಿ ಕೂತುಬಿಟ್ಟರು.

"ಅಯ್ಯೋ, ಹಂದಿಯ ಬದ್ಲು ನನ್ನನ್ನೇ ಹೊಡ್ದಿಯಲ್ಲ ಮಾರಾಯ!"

"ಈಗ ನಂಬಿಕೆ ಬಂತಾ?" ತಿಮ್ಮಕ್ಕ ಬಾಯಿಗೆ ಸೆರಗು ಹಿಡಿದು ನಕ್ಕರು.

ಸುದರ್ಶನನಿಗೆ ನಗುವಷ್ಟೂ ತ್ರಾಣವಿರಲಿಲ್ಲ. ಜಗಲಿಗೆ ಬಂದು ಗೋಡೆಗೆ ಒರಗಿ ಕೂತ. ತಲೆಯ ಮೇಲಿನ ಮೊಳೆ ಖಾಲಿಯಿತ್ತು. ಕೈ ಉಜ್ಜಿಕೊಳ್ಳುತ್ತ ಬಂದ ದೇರಣ್ಣ ಅದನ್ನೊಮ್ಮೆ ನೋಡಿದರು. ಹೆಗಲ ಮೇಲಿನ ಬೆವರೊರೆಸುವ ಬೈರಾಸು ತೆಗೆದು ಅದಕ್ಕೆ ನೇತುಹಾಕಿ, ಅವನ ಪಕ್ಕದಲ್ಲಿ ಕೂತರು.